ಕಲ್ಲಾದ ಪೆಡಲು

"ಒತ್ತಿ ಹಿಡಿ. ಬಿಡಬೇಡ."

"ಹಿಡಿದಿದೀನಮ್ಮ."

"ಈಗ ಕೀಲಿ ತಿರುಗಿಸು."

ಜಜ್ಜಿಹೋದ ಕಾರು ಒಮ್ಮೆ ಕೆಮ್ಮಿತು. ಮೈಯೆಲ್ಲ ನಡುಗಿಸಿತು. ಆಮೇಲೆ ತನಗೇನೂ ಆಗಿಯೇ ಇಲ್ಲವೆಂಬಂತೆ ಒಂದೇ ಸಮನೆ ಗುರುಗುಟ್ಟತೊಡಗಿತು. ಟೀಚರ್ ಬಾನೆಟ್ಟಿನ ಪಕ್ಕದಿಂದ ಕತ್ತು ಚಾಚಿ ಮಗಳ ಮುಖ ನೋಡಿದಳು.

"ಕುಸೀತು," ಎಂದಳು ಮಗಳು. "ಪೆಡಲ್ ತಾನಾಗೇ ಕೆಳಗೆ ಹೋಯ್ತು."

"ಗಟ್ಟಿಯಾಗಿ ಹೋಯ್ತಾ, ಮೆತ್ತಗಾ?"

"ಬೆಣ್ಣೆ ಹಾಗೆ."

ಆರೋಗ್ಯವಾಗಿರುವ ಬ್ರೇಕು ಮಾಡಬೇಕಾದದ್ದು ಅದನ್ನೇ. ಆದರೆ ಟೀಚರಿಗೆ ಈ ಬ್ರೇಕು ಆರೋಗ್ಯವಾಗಿರುವುದು ಬೇಕಾಗಿರಲಿಲ್ಲ.

"ಆರಿಸು," ಎಂದಳು. ರೇಡಿಯೇಟರ್ ಒಡೆದು ನೀರೆಲ್ಲ ಎಂದೋ ಚೆಲ್ಲಿಹೋಗಿತ್ತು. ಎಂಜಿನ್ನನ್ನು ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಓಡಿಸುವಂತಿರಲಿಲ್ಲ.

ಡ್ರೈವಿಂಗ್ ಶಾಲೆಯ ಈ ಕಾರು ಗುಡ್ಡದ ಮೇಲಿನ ಮೈದಾನದಿಂದ ಇಳಿಯುವಾಗ ಸೇತುವೆಯ ಗೋಡೆಗೆ ಗುದ್ದಿ, ಪಾಠ ಹೇಳುವವರ ಸೀಟಿನಲ್ಲಿದ್ದ ಅವಳ ಗಂಡ ತೀರಿಕೊಂಡು ತಿಂಗಳ ಮೇಲಾಗಿತ್ತು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮನುಷ್ಯ. ಎಲ್ಲರ ಬಾಯಲ್ಲೂ ಗುರುಗಳು. ಸ್ಟೀರಿಂಗ್ ಹಿಡಿದಿದ್ದವಳು ಕಲಿಯಲು ಬಂದಿದ್ದ ಒಬ್ಬ ನರ್ಸ್. ಅವಳ ಕಾಲು ಮುರಿದಿತ್ತು.

ಪೊಲೀಸ್ ಇನ್ಸ್‌ಪೆಕ್ಟರ್ ಕಾರು ಹತ್ತಿ ಕೂತು, ಬ್ರೇಕು ಒತ್ತಿ ನೋಡಿ, ಕೈ ತೊಳೆದುಕೊಂಡಿದ್ದರು. "ಬ್ರೇಕು ಚೆನ್ನಾಗಿದೆ. ಹೊಸಬಳು, ಗಾಬರಿ ಬಿದ್ದಿದಾಳೆ. ಒತ್ತೇ ಇಲ್ಲ." ಅಲ್ಲಿಗೆ ನರ್ಸಿನ ತಲೆಯ ಮೇಲೆ ಗೂಬೆ ಕೂತಿತು. ಅದನ್ನು ಕೂರಿಸಿದವರಲ್ಲಿ ಟೀಚರೂ ಒಬ್ಬಳು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಬಾಯಿಗೆ ಬಂದದ್ದೆಲ್ಲ ಅಂದಿದ್ದಳು.

ಆ ಹುಡುಗಿ ಎದುರು ಮಾತಾಡಿರಲಿಲ್ಲ. ಬೈಗುಳವೆಲ್ಲ ಮುಗಿದ ಮೇಲೆ ಇಷ್ಟು ಹೇಳಿದ್ದಳು:

"ಮೈದಾನದ ಗೇಟಿನ ಹತ್ರ ಒತ್ತಿದೆ ಟೀಚರ್, ನಿಂತ್ಕೊಳ್ತು. ಮೊದಲನೇ ತಿರುವಲ್ಲಿ ಒತ್ತಿದೆ, ನಿಧಾನ ಆಯ್ತು. ಮೂರನೇ ಸಲ ಕಲ್ಲು. ಎರಡೂ ಕಾಲಿಟ್ಟು ಎದ್ದು ನಿಂತೆ. ಗುರುಗಳೂ ಅವರ ಕಡೆ ಪೆಡಲ್ ಮೇಲೆ ನಿಂತರು. ಕಲ್ಲು ಅಲ್ಲಾಡಲಿಲ್ಲ."

ಆ ಮಾತು ಟೀಚರ್ ಮನೆಗೆ ಬಂದ ಮೇಲೂ ಅವಳ ಬೆನ್ನು ಬಿಡಲಿಲ್ಲ. ಸುಳ್ಳು ಹೇಳುವವರು ಪೆಡಲು ನೆಲಕ್ಕೆ ಕುಸಿಯಿತು ಎನ್ನುತ್ತಾರೆ. ಸಿನಿಮಾಗಳಲ್ಲಿ ಬ್ರೇಕು ಕೈಕೊಡುವುದೇ ಹಾಗೆ. ಕಲ್ಲಾಯಿತು ಎಂದು ಸುಳ್ಳು ಹೇಳಲು ಒಂದಷ್ಟು ವಿಜ್ಞಾನ ಗೊತ್ತಿರಬೇಕು.

ಟೀಚರಿಗೆ ಆ ವಿಜ್ಞಾನ ಗೊತ್ತಿತ್ತು. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ, ಗಾಜಿನ ಗಂಟೆಯೊಳಗಿನ ಗಾಳಿಯನ್ನು ಪಂಪಿನಿಂದ ಹೀರಿ, "ಈಗ ಎತ್ತಿ ನೋಡೋಣ" ಎಂದು ಪೈಲ್ವಾನರಂಥ ಹುಡುಗರನ್ನು ಕೆಣಕುವುದು ಅವಳ ಪ್ರತಿ ವರ್ಷದ ಆಟ. ಕಾರಿನ ಬ್ರೇಕಿನ ಹಿಂದೆಯೂ ಅಂಥದೇ ಒಂದು ಡಬ್ಬಿ ಇರುತ್ತದೆ. ಬೂಸ್ಟರ್ ಎನ್ನುತ್ತಾರೆ. ಎಂಜಿನ್ನು ಒಂದು ದಪ್ಪ ರಬ್ಬರ್ ಪೈಪಿನ ಮೂಲಕ ಅದರೊಳಗಿನ ಗಾಳಿಯನ್ನು ಸದಾ ಹೀರುತ್ತಿರುತ್ತದೆ. ನಾವು ಪೆಡಲು ಒತ್ತಿದಾಗ ಹೊರಗಿನ ಗಾಳಿ ನುಗ್ಗಿ ಬಂದು ನಮ್ಮ ಕಾಲಿನ ಜೊತೆ ತಾನೂ ಒತ್ತುತ್ತದೆ. ಆ ಗಾಳಿಯ ಸಹಾಯ ತಪ್ಪಿದರೆ ಉಳಿಯುವುದು ಬರೀ ಕಾಲು. ಇಳಿಜಾರಿನಲ್ಲಿ ಒಂದು ಟನ್ ಕಬ್ಬಿಣದ ಎದುರು ಒಬ್ಬ ನರ್ಸಿನ ಕಾಲು.

"ಅಮ್ಮ, ಬೆಳಿಗ್ಗೆಯಿಂದ ಎಲ್ಲಾ ನೋಡಿದ್ದಾಯ್ತಲ್ಲ," ಎಂದಳು ಮಗಳು. "ಚಕ್ರ ಬಿಚ್ಚಿ ನೋಡಿದೆ. ವಾಲ್ವು ಬಿಚ್ಚಿ ಊದಿ ನೋಡಿದೆ. ಎಲ್ಲಾ ಸರಿ ಇದೆ. ಗುಜರಿಯವನು ನಾಳೆ ಬರ್ತಾನೆ. ಬಿಟ್ಟುಬಿಡು."

"ಎಲ್ಲಾ ಸರಿ ಇರೋದೇ ಸರಿ ಇಲ್ಲ ಪುಟ್ಟಿ."

ಮುಂದಿನ ಎರಡು ಚಕ್ರಗಳು ಶೆಡ್ಡಿನ ಗೋಡೆಗೆ ಒರಗಿದ್ದವು. ಬ್ರೇಕು ಹಿಡಿದುಕೊಂಡು ಬಿಗಿದಿದೆಯೇ ಎಂದು ನೋಡಲು ಅವಳೇ ಬಿಚ್ಚಿಟ್ಟಿದ್ದಳು, ಬಿಗಿದಿರಲಿಲ್ಲ. ಕಾರಿನ ಮೂತಿ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಪೆಡಲಿನ ಬುಡದಲ್ಲಿ ಕಿವಿ ಇಟ್ಟಾಗ ಗಾಳಿ ಸೋರುವ ಸದ್ದಿರಲಿಲ್ಲ. ಅಂದರೆ ಬೂಸ್ಟರಿನೊಳಗಿನ ಪರದೆ ಹರಿದಿಲ್ಲ. ಎಂಜಿನ್ನು ಕುಂಟದೆ ಓಡುತ್ತದೆ. ಅಂದರೆ ಪೈಪು ಎಲ್ಲೂ ತೂತಾಗಿಲ್ಲ.

ಉಳಿದದ್ದು ಒಂದೇ. ಪೈಪು ತೂತಾಗದೆ ಕಟ್ಟಿಕೊಂಡಿರಬೇಕು.

ಅವಳು ರಬ್ಬರ್ ಪೈಪಿನ ಉದ್ದಕ್ಕೂ ಬೆರಳಾಡಿಸಿದಳು. ಮೇಲ್ಭಾಗದಲ್ಲಿ ಧೂಳು, ಎಣ್ಣೆ. ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಬೆರಳು ಒಂದು ತಗ್ಗಿಗೆ ಇಳಿಯಿತು. ಟಾರ್ಚು ಹಿಡಿದು, ಪುಟ್ಟ ಕನ್ನಡಿಯನ್ನು ಅಡಿಗೆ ತೂರಿಸಿ ನೋಡಿದಳು. ಪೈಪಿಗೆ ಅಡ್ಡಲಾಗಿ ನೆಟ್ಟಗಿನ ಒಂದು ಚಪ್ಪಟೆ ಗೆರೆ. ಕನ್ನಡಿಯನ್ನು ಮೇಲಕ್ಕೆ ತಂದಳು. ಮೇಲೆಯೂ ಸರಿಯಾಗಿ ಅದರ ಎದುರಿಗೇ ಅಂಥದೇ ಗೆರೆ, ಧೂಳಿನ ಕೆಳಗೆ.

ಹಳೆಯ ರಬ್ಬರು. ಅದನ್ನು ಯಾರಾದರೂ ಗಟ್ಟಿಯಾಗಿ ಹಿಸುಕಿದರೆ ಮರೆಯುವುದಿಲ್ಲ.

"ಇಕ್ಕಳ ಕೊಡು. ಆ ಬಟ್ಟೆ ಚೂರೂ ಕೊಡು."

"ಏನ್ಮಾಡ್ತೀಯ?"

"ಎಂಜಿನ್ ಚಾಲೂ ಮಾಡು. ಸ್ವಲ್ಪ ಓಡಲಿ. ನಾನು ಹೇಳಿದಾಗ ಒತ್ತಿ ಬಿಡು, ಒತ್ತಿ ಬಿಡು."

ಎಂಜಿನ್ನು ಗುರುಗುಟ್ಟಿತು. ಟೀಚರ್ ಆ ಗೆರೆಗಳ ಮೇಲೆಯೇ ಬಟ್ಟೆ ಸುತ್ತಿ, ಎರಡೂ ಕೈಯಿಂದ ಇಕ್ಕಳ ಅದುಮಿದಳು. ಎಂಜಿನ್ನಿನ ಸದ್ದು ಎಳ್ಳಷ್ಟೂ ಬದಲಾಗಲಿಲ್ಲ. ಹೊರಗೆ ನಿಂತವರಿಗೆ ಏನೂ ಗೊತ್ತಾಗುವಂತಿರಲಿಲ್ಲ.

"ಒತ್ತು."

"ಮೆತ್ತಗಿದೆ."

"ಮತ್ತೆ."

"ಮೆತ್ತಗೇ. ಸ್ವಲ್ಪ ಬಿಗಿ ಅನಿಸ್ತು."

"ಮತ್ತೆ."

ಒಳಗಿನಿಂದ ಸೀಟು ಕಿರುಗುಟ್ಟಿದ ಸದ್ದು ಬಂತು.

"ಪುಟ್ಟಿ? ಒತ್ತು ಅಂದೆ."

"ಒತ್ತಿದೀನಿ." ಅವಳ ದನಿ ಎಲ್ಲೋ ಬಾವಿಯಿಂದ ಬಂದಂತಿತ್ತು. "ಹೋಗ್ತಾ ಇಲ್ಲ. ಎರಡು ಕಾಲೂ ಇಟ್ಟಿದೀನಿ. ಹೋಗ್ತಾ ಇಲ್ಲಮ್ಮ."

ಡಬ್ಬಿಯೊಳಗೆ ಎರಡು ಒತ್ತಿಗಾಗುವಷ್ಟು ನಿರ್ವಾತ ಉಳಿದಿತ್ತು. ಆಮೇಲೆ ತೀರಿತು. ಗೇಟು, ಮೊದಲನೇ ತಿರುವು, ಕಲ್ಲು. ಆಸ್ಪತ್ರೆಯ ಹುಡುಗಿ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ.

ಟೀಚರ್ ಇಕ್ಕಳ ಸಡಿಲಿಸಿದಳು. ಪೈಪು ಉಸ್ಸೆಂದು ಉಸಿರೆಳೆಯಿತು. "ಈಗ?"

"ಮೆತ್ತಗಾಯ್ತು."

ಈ ರೋಗಕ್ಕೆ ಮದ್ದು ಅಷ್ಟೇ. ಹಿಡಿತ ಬಿಟ್ಟರೆ ಸಾಕು, ಮಾತಾಡಿ ಮುಗಿಸುವುದರೊಳಗೆ ಬ್ರೇಕು ಸರಿಯಾಗುತ್ತದೆ. ಆಮೇಲೆ ಎಂಥ ಇನ್ಸ್‌ಪೆಕ್ಟರ್ ಬಂದು ಒತ್ತಿದರೂ ಬೆಣ್ಣೆ.

ಮಗಳು ಎಂಜಿನ್ ಆರಿಸಿ ಹೊರಬಂದಳು. ಮುಖ ಬಿಳಿಚಿಕೊಂಡಿತ್ತು. ಟೀಚರ್ ಅವಳ ಕೆನ್ನೆ ಮುಟ್ಟಿದಳು. ಅಪ್ಪನ ಕೊನೆಯ ಕ್ಷಣವನ್ನು ಮಗಳ ಕಾಲಿನಲ್ಲಿ ಮರುಕಳಿಸಿದ್ದು ಕ್ರೂರವೇ. ಆದರೆ ಬೇರೆ ದಾರಿ ಇರಲಿಲ್ಲ.

"ನೋಡಿದೆಯಾ? ಈ ಪೈಪನ್ನ ಯಾರೋ ಹಿಸುಕಿ ಹಿಡಿದಿದ್ದರು. ಕೈಯಲ್ಲಲ್ಲ, ಏನೋ ಕಚ್ಚಿಸಿ ಬಿಟ್ಟಿದ್ದರು. ಪೊಲೀಸರು ಬಂದಾಗ ಅದು ಇಲ್ಲ. ಕಾರು ಗೋಡೆಗೆ ಗುದ್ದಿದ ಮೇಲೆ, ಪೊಲೀಸರು ಬರೋ ಮುಂಚೆ, ಯಾರೋ ಈ ಬ್ರೇಕನ್ನ ರಿಪೇರಿ ಮಾಡಿದಾರೆ."

"ಟೀ ಮಾಡ್ತೀನಿ," ಎಂದು ಮಗಳು ಮನೆಯೊಳಗೆ ನಡೆದಳು.

ಟೀಚರ್ ಒಬ್ಬಳೇ ನಿಂತಳು. ಯಾರು ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಊರಿಗೆ ಊರೇ ಹೊಗಳಿದ ವಿಷಯ. ಹಿಂದೆಯೇ ಶಾಲೆಯ ಎರಡನೆಯ ಕಾರಿನಲ್ಲಿ ಬರುತ್ತಿದ್ದ ಮೈದುನ ಎಲ್ಲರಿಗಿಂತ ಮೊದಲು ಓಡಿಹೋಗಿ, ಬೆಂಕಿ ಹತ್ತಬಾರದೆಂದು ಬಾನೆಟ್ ಎತ್ತಿ ಬ್ಯಾಟರಿ ಕಳಚಿದನಂತೆ. ಎಂಥಾ ಸಮಯಪ್ರಜ್ಞೆ ಎಂದು ಇನ್ಸ್‌ಪೆಕ್ಟರೇ ಬೆನ್ನು ತಟ್ಟಿದ್ದರು.

ಅವಳು ಬ್ಯಾಟರಿಯ ಮೇಲೆ ಟಾರ್ಚು ಹಾಯಿಸಿದಳು. ತಂತಿ ಕೂರುವ ಕಡೆ ಬೂದುಬಿಳಿಯ ಹುಡಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಎಷ್ಟೋ ತಿಂಗಳ ಹುಡಿ, ಎಲ್ಲೂ ಬಿರುಕಿಲ್ಲ. ಸ್ಪ್ಯಾನರ್ ಅದರ ಹತ್ತಿರ ಸುಳಿದೇ ಇರಲಿಲ್ಲ.

ಒಂದು ತಿಂಗಳಿಂದ ಅವಳ ಸಿಟ್ಟು ವಿಳಾಸವಿಲ್ಲದ ಲಕೋಟೆಯಂತೆ ಅಲೆದಿತ್ತು. ಮೊದಲು ನರ್ಸಿನ ಮೇಲೆ, ಆಮೇಲೆ ರಸ್ತೆಯ ಮೇಲೆ, ಆಮೇಲೆ ಬೆಳಿಗ್ಗೆ ಏಳುವ ಸೂರ್ಯನ ಮೇಲೆ. ಈಗ ವಿಳಾಸ ಸಿಕ್ಕಿತ್ತು. ಅದು ಇದೇ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಿತ್ತು, ಅವಳು ಬಡಿಸಿದ್ದನ್ನು ಉಣ್ಣುತ್ತಿತ್ತು.

ಅಳು ಬರಲಿಲ್ಲ. ಮೈ ತಣ್ಣಗಾಯಿತು, ತಲೆ ತಿಳಿಯಾಯಿತು. ಪ್ರಯೋಗಕ್ಕೆ ಮುಂಚೆ ಮೇಜು ಸಜ್ಜು ಮಾಡುವಂತೆ ಅವಳು ಜಾಕನ್ನು ಉರುಳಿಸಿಕೊಂಡು ಬಂದು, ಕಾರಿನ ಮೂತಿಯ ಕೆಳಗೆ, ಎರಡು ಸ್ಟ್ಯಾಂಡುಗಳ ನಡುವೆ ನಿಲ್ಲಿಸಿದಳು.

ಗುರುಗಳು ಹೋದ ಮೇಲೆ ಪಾಠಗಳನ್ನೂ ವಹಿಸಿಕೊಂಡಿದ್ದ ಮೈದುನ, ಮಧ್ಯಾಹ್ನದ ಪಾಠ ಮುಗಿಸಿ ಶಿಳ್ಳೆ ಹಾಕುತ್ತ ಶೆಡ್ಡಿಗೆ ಬಂದ.

"ಏನತ್ತಿಗೆ, ಗುಜರಿಯವನಿಗೆ ಕೊಡೋ ಮುಂಚೆ ಸಿಂಗಾರ ಮಾಡ್ತಿದೀರಾ? ನಿಮ್ಮ ಲ್ಯಾಬಲ್ಲಿ ಕಪ್ಪೆ ಕುಯ್ದು ಹರವಿದ ಹಾಗಿದೆ."

"ಕಪ್ಪೆ ಕುಯ್ಯೋದು ಪಕ್ಕದ ಲ್ಯಾಬು. ಕೆಳಗಿನ ಬ್ರೇಕ್ ಪೈಪು ಒಂದ್ಸಲ ನೋಡ್ತೀಯಾ? ತುಕ್ಕು ಹಿಡಿದು ಸೋರಿದೆಯೇನೋ ಅಂತ ಅನುಮಾನ."

"ಇನ್ನೂ ಬಿಟ್ಟಿಲ್ವಾ ನೀವು?" ಎಂದ. ಆದರೂ ದನಿಯಲ್ಲಿ ಏನೋ ಹಗುರಾಯಿತು. ತುಕ್ಕು ಎಂದರೆ ಯಾರ ತಪ್ಪೂ ಅಲ್ಲ. ರಟ್ಟು ಹಾಸಿಕೊಂಡು, ಅಂಗಾತ ಮಲಗಿ, ಪಕ್ಕದಿಂದ ಕಾರಿನಡಿ ಸರಿದ. ಮೊಣಕಾಲಿನಿಂದ ಕೆಳಗೆ ಮಾತ್ರ ಹೊರಗುಳಿಯಿತು.

"ಪೈಪು ಚೆನ್ನಾಗೇ ಇದೆ ಅತ್ತಿಗೆ. ಮೇಲೆ ಮೇಲೆ ತುಕ್ಕಿದೆ, ಸೋರಿಲ್ಲ."

ಟೀಚರ್ ಜಾಕಿನ ಹಿಡಿಯನ್ನು ಒತ್ತಿದಳು. ಕಾರು ಸ್ವಲ್ಪವೇ ಮೇಲೆದ್ದಿತು. ಕಾಲಿನಿಂದ ಒಂದು ಸ್ಟ್ಯಾಂಡನ್ನು ಎಳೆದಳು. ಸಿಮೆಂಟು ನೆಲದ ಮೇಲೆ ಕಬ್ಬಿಣ ಕಿರ್ರೆಂದಿತು.

"ಏನದು?"

ಇನ್ನೊಂದನ್ನೂ ಎಳೆದಳು. ಈ ಶೆಡ್ಡಿನಲ್ಲಿ ಗುರುಗಳದು ಒಂದು ಕಟ್ಟುನಿಟ್ಟಿತ್ತು: ಸ್ಟ್ಯಾಂಡ್ ಇಲ್ಲದೆ ಕಾರಿನಡಿಗೆ ತಲೆ ಹಾಕುವಂತಿಲ್ಲ, ಜಾಕನ್ನು ನಂಬುವಂತಿಲ್ಲ.

"ಅತ್ತಿಗೆ? ಸ್ಟ್ಯಾಂಡ್ ತೆಗೆದ್ರಾ?"

"ತೆಗೆದೆ. ಅಲ್ಲಾಡಬೇಡ. ಜಾಕಿನ ಹಿಡಿ ನನ್ನ ಕೈಯಲ್ಲಿದೆ. ಎಡಕ್ಕೆ ತಿರುಗಿಸಿದರೆ ಏನಾಗುತ್ತೆ ಅಂತ ನಿನಗೆ ಪಾಠ ಹೇಳಬೇಕಾಗಿಲ್ಲ. ನೀನು ಜಾರಿ ಹೊರಗೆ ಬರೋದಕ್ಕಿಂತ ಕಾರು ಬೇಗ ಇಳಿಯುತ್ತೆ."

ಕಾರಿನಡಿಯಿಂದ ಒಂದು ಒಣ ನಗೆ ಬಂತು. "ತಮಾಷೆ ಮಾಡ್ತಿದೀರಾ?"

"ನಾನು ಯಾವತ್ತಾದ್ರೂ ತಮಾಷೆ ಮಾಡಿದ್ದು ಕಂಡಿದೀಯಾ?"

"ಇಲ್ಲ," ಎಂದ ಅವನು. ನಗೆ ನಿಂತುಹೋಯಿತು.

"ಅವತ್ತು ಬಾನೆಟ್ ಯಾಕೆ ಎತ್ತಿದೆ?"

"ಬ್ಯಾಟರಿ ಕಳಚೋಕೆ. ಎಲ್ಲರಿಗೂ ಗೊತ್ತಲ್ಲ."

"ಎಲ್ಲರಿಗೂ ಗೊತ್ತು, ಬ್ಯಾಟರಿಗೆ ಮಾತ್ರ ಗೊತ್ತಿಲ್ಲ. ಅದರ ಮೇಲಿನ ಹುಡಿ ಹಾಗೇ ಇದೆ. ಇನ್ನೊಂದ್ಸಲ ಕೇಳ್ತೀನಿ. ರಬ್ಬರ್ ಪೈಪಿಂದ ಏನು ತೆಗೆದೆ?"

ಹೊರಗಿದ್ದ ಎರಡು ಪಾದಗಳಲ್ಲಿ ಒಂದು ಮೆಲ್ಲಗೆ ಮಡಚಿಕೊಳ್ಳುತ್ತಿತ್ತು, ನೆಲಕ್ಕೆ ಹಿಮ್ಮಡಿ ಊರಿ ಜಾರಿ ಬರಲು.

ಟೀಚರ್ ಹಿಡಿಯನ್ನು ಇಷ್ಟೇ ಇಷ್ಟು ತಿರುಗಿಸಿದಳು. ಜಾಕು ಸುಯ್ಯೆಂದಿತು. ಕಾರು ಒಂದು ಬೆರಳು ಇಳಿದು ನಿಂತಿತು.

"ಕ್ಲಾಂಪು! ಅತ್ತಿಗೆ, ಕ್ಲಾಂಪು! ಪೈಪು ಹಿಸುಕೋ ಕ್ಲಾಂಪು ತೆಗೆದೆ! ನಿಮ್ಮ ದಮ್ಮಯ್ಯ!"

ಅವಳಿಗೆ ನಾಚಿಕೆಯಾಗಲಿಲ್ಲ. ಆ ಕೂಗು ಕಿವಿಗೆ ಹಿತವಾಗಿತ್ತು. ಒಂದು ತಿಂಗಳಿಂದ ಯಾವ ಸಮಾಧಾನದ ಮಾತೂ ಅಷ್ಟು ಹಿತವಾಗಿರಲಿಲ್ಲ.

"ಹಾಕಿದ್ದೂ ನೀನೇ."

"ಅಲ್ಲ! ಅಣ್ಣ ಹಾಕಿದ್ದು."

"ಸತ್ತವರು ಎದ್ದು ಬಂದು ಇಲ್ಲ ಅನ್ನಲ್ಲ ಅನ್ನೋ ಧೈರ್ಯ."

"ದೇವರಾಣೆ ಅತ್ತಿಗೆ. ಪಾಠಕ್ಕೆ! ಹೊಸದಾಗಿ ಶುರು ಮಾಡಿದ್ದ. ಮೈದಾನದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಓಡ್ತಿರೋವಾಗ ಆ ಪೈಪಿಗೆ ಕ್ಲಾಂಪು ಹಾಕೋನು. ಕಲಿಯೋರ ಕೈಲಿ ಒಬ್ಬೊಬ್ಬರಾಗಿ ಬ್ರೇಕ್ ಒತ್ತಿಸೋನು. 'ಪೆಡಲ್ ಕಲ್ಲಾದರೆ ಹೇಗಿರುತ್ತೆ ಅಂತ ಕಾಲಿಗೆ ಗೊತ್ತಿರಲಿ, ಆಗ ಗಾಬರಿ ಆಗಲ್ಲ' ಅನ್ನೋನು. ಕ್ಲಾಂಪು ನನ್ನದೇ. ಅವನು ಕೇಳಿದ, ಕೊಟ್ಟೆ. ನರ್ಸ್ ಅವತ್ತು ಬಂದಿದ್ದು ಆ ಪಾಠ ಮುಗಿದ ಮೇಲೆ, ಅವಳಿಗೆ ಗೊತ್ತಿಲ್ಲ."

ಅದು ಗಂಡನ ಮಾತೇ. ಕಾಲಿಗೆ ಗೊತ್ತಿರಲಿ. ಕಲಿಸುವುದರಲ್ಲಿ ಅವನಿಗೆ ಎಂಥದೋ ಹುಚ್ಚು. ಅವಳು ಹಲ್ಲು ಕಚ್ಚಿದಳು.

"ವರ್ಷದಿಂದ ನೀವಿಬ್ಬರೂ ನೆಟ್ಟಗೆ ಮಾತಾಡಿರಲಿಲ್ಲ. ಕಲಿಯೋರ ಮೇಲೆ ರೇಗ್ತೀಯ ಅಂತ ಪಾಠದ ಸೀಟಿಂದ ನಿನ್ನ ಇಳಿಸಿದ್ದರು."

"ಇಳಿಸಿದ್ದ. ಉರಿದುಹೋಗಿದ್ದೆ, ಇಲ್ಲ ಅನ್ನಲ್ಲ. ಅದಕ್ಕೇ ಬಾಯಿ ಮುಚ್ಕೊಂಡಿದ್ದು. ಕ್ಲಾಂಪು ನನ್ನದು, ಜಗಳ ನನ್ನದು. ಯಾರು ನಂಬ್ತಿದ್ರು?"

"ನಾನಂತೂ ನಂಬಲ್ಲ. ಓಡಿಹೋದವನು ಮೊದಲು ಬಾಗಿಲು ತೆಗೀಲಿಲ್ಲ. ಬಾನೆಟ್ ತೆಗೆದೆ."

ಈಗ ಅವಳು ಆ ಪ್ರಶ್ನೆ ಕೇಳಲೇಬೇಕಾಗಿತ್ತು. ಕ್ಷಣದಲ್ಲೇ ಹೋದರು, ನೋವೇ ತಿಳಿದಿರಲಿಕ್ಕಿಲ್ಲ ಎಂದು ಎಲ್ಲರೂ ಹೇಳಿದ್ದರು. ಆ ಒಂದು ಮಾತನ್ನು ದಿಂಬಿನ ಕೆಳಗಿಟ್ಟುಕೊಂಡು ಅವಳು ಇಷ್ಟು ದಿನ ನಿದ್ದೆ ಮಾಡಿದ್ದಳು.

"ಆಗ ಅವರಿಗೆ ಉಸಿರಿತ್ತಾ?"

ಎಲ್ಲೋ ಎಣ್ಣೆ ತೊಟ್ಟಿಕ್ಕಿತು.

"ಕೇಳಿದ್ದು ನಿನ್ನನ್ನೇ."

"ಇತ್ತು ಅತ್ತಿಗೆ."

ಶೆಡ್ಡಿನ ಗೋಡೆ, ಒರಗಿಸಿದ್ದ ಚಕ್ರ, ಮೇಲಿನ ತಗಡು, ಎಲ್ಲವೂ ಅವಳ ಕಣ್ಣಿಗೆ ಒಮ್ಮೆ ದೂರ ಹೋಗಿ ಹತ್ತಿರ ಬಂದವು. ಕೈ ಹಿಡಿಯ ಮೇಲೆ ಬಿಗಿಯಿತು. ಒಂದೇ ಒಂದು ಸುತ್ತು. ಅಷ್ಟೇ ಸಾಕು.

"ಮಾತೂ ಆಡಿದ," ಎಂದ ಮೈದುನ. ಅವನು ಅಳುತ್ತಿದ್ದ. "ನಾನು ಬಾಗಿಲಿಗೇ ಕೈ ಹಾಕಿದ್ದೆ ಅತ್ತಿಗೆ. ನರ್ಸಿಗೆ ಪ್ರಜ್ಞೆ ತಪ್ಪಿತ್ತು. ಅಣ್ಣನೇ ಬೇಡ ಅಂದ. 'ಬಾಗಿಲು ಆಮೇಲೆ. ಮೊದಲು ಬಾನೆಟ್ ಎತ್ತು. ಅದು ಪೈಪಲ್ಲೇ ಇದೆ, ತೆಗೆದುಬಿಡು. ಪುಟ್ಟಿ ಹೆಸರು ಬರಬಾರದು' ಅಂದ. ನಾನು ತೆಗೆದು ಬರೋದರೊಳಗೆ..."

"ಯಾರ ಹೆಸರು?"

"ಪುಟ್ಟಿ. ಅವತ್ತು ಅವಳೂ ನನ್ನ ಕಾರಲ್ಲಿ ಮೈದಾನಕ್ಕೆ ಬಂದಿದ್ದಳಲ್ಲ, ಅಲ್ಲಿಂದ ಕಾಲೇಜಿಗೆ ಹೋಗೋಕೆ. ಪಾಠ ಮುಗಿದ ಮೇಲೆ ಅಣ್ಣ ಅವಳಿಗೇ ಹೇಳಿದ್ದು, ಕ್ಲಾಂಪು ತೆಗೆದು ಬಾನೆಟ್ ಮುಚ್ಚಮ್ಮಾ ಅಂತ. ಬಾನೆಟ್ ಮುಚ್ಚಿದಳು. ಅದನ್ನ ತೆಗೆಯೋಕೆ ಮರೆತಳು. ಮಗು, ಮರೆತಿದೆ. ಅಪ್ಪನ್ನ ತಾನೇ ಕೊಂದೆ ಅಂತ ಅವಳಿಗೆ ಗೊತ್ತಾದರೆ ಬದುಕ್ತಾಳಾ? ಅದಕ್ಕೇ ನುಂಗಿಕೊಂಡೆ. ಸಾಯೋವರೆಗೂ ನುಂಗಿಕೊಂಡಿರ್ತಿದ್ದೆ, ನೀವು ಈ ಕಾರನ್ನ ನನ್ನ ಎದೆ ಮೇಲೆ ಇಡದೇ ಇದ್ದಿದ್ದರೆ."

ಟೀಚರಿನ ಹಿಡಿತ ಸಡಿಲವಾಯಿತು. ಅಷ್ಟು ದಿನ ಹರಿತ ಮಾಡಿಕೊಂಡು ಬಂದ ಕತ್ತಿಯನ್ನು ಬೀಸಲು ಎದುರಿಗೆ ಯಾರೂ ಇರಲಿಲ್ಲ. ಒಂದು ಮರೆವು. ಹತ್ತೊಂಬತ್ತರ ಹುಡುಗಿಯ ಮರೆವು.

ಆದರೆ ಅವಳ ತಲೆ ಸುಮ್ಮನಿರಲಿಲ್ಲ. ಲೆಕ್ಕ ತಪ್ಪಿದ ಉತ್ತರವನ್ನು ನೋಡಿದಾಗ ಆಗುವ ಕಿರಿಕಿರಿ ಶುರುವಾಗಿತ್ತು.

"ಸುಳ್ಳು," ಎಂದಳು.

"ಅಣ್ಣನ ಮೇಲಾಣೆ..."

"ಆಣೆ ಬೇಡ. ಪಾಠದಲ್ಲಿ ಎಲ್ಲರೂ ಒತ್ತಿದರು ಅಂದೆ. ಕಲ್ಲಾಗೋವರೆಗೂ ಒತ್ತಿದರು. ಅಂದರೆ ಡಬ್ಬಿಯೊಳಗಿನ ನಿರ್ವಾತ ಖಾಲಿ. ಕ್ಲಾಂಪು ಹಾಗೇ ಮರೆತುಹೋಗಿದ್ದರೆ ಗೇಟಲ್ಲಿ ನರ್ಸ್ ಮೊದಲನೇ ಸಲ ಒತ್ತಿದಾಗಲೇ ಕಲ್ಲಾಗಬೇಕಿತ್ತು. ಗೇಟಲ್ಲೇ ನಿಲ್ಲಿಸಿ ಇಳೀತಿದ್ದರು. ಆದರೆ ಅವಳಿಗೆ ಎರಡು ಸಲ ಬ್ರೇಕು ಹಿಡಿದಿದೆ."

"ಹಾಗಂದ್ರೆ?"

"ಹಾಗಂದ್ರೆ ಯಾರೋ ಕ್ಲಾಂಪು ತೆಗೆದಿದಾರೆ. ಎಂಜಿನ್ ಡಬ್ಬಿಯ ಗಾಳಿಯನ್ನ ಮತ್ತೆ ಹೀರೋವರೆಗೂ ಕಾದಿದಾರೆ. ಆಮೇಲೆ ಮತ್ತೆ ಹಾಕಿದಾರೆ. ಮರೆತಿದ್ದಲ್ಲ. ಬೇಕಂತ ಮಾಡಿದ್ದು."

ಮೈದುನ, ನಂಬಲಾರದವನಂತೆ, ತೀರ ಸಣ್ಣ ದನಿಯಲ್ಲಿ ಕೇಳಿದ: "ಮತ್ತೆ ಹಾಕಿದ್ರಾ?"

ಆ ದನಿಯಲ್ಲಿ ನಾಟಕವಿದ್ದರೆ ಅವನು ಈ ಶೆಡ್ಡಿನಲ್ಲಿ ಎಣ್ಣೆ ಬದಲಾಯಿಸುತ್ತ ಇರಬೇಕಾದವನಲ್ಲ ಎನಿಸಿತು ಅವಳಿಗೆ. ಅದಕ್ಕಿಂತ ಭಯಂಕರವಾದ ಇನ್ನೊಂದು ಯೋಚನೆ ಆಗಲೇ ಹಿಂದಿನಿಂದ ಬಂದು ಭುಜ ಮುಟ್ಟಿತ್ತು. ತಾನು ಇಷ್ಟು ಹೊತ್ತು ಲೆಕ್ಕ ಹಾಕಿ ಕಂಡುಕೊಂಡದ್ದನ್ನು ಕಂಡುಕೊಳ್ಳಲು ಅವಳ ಗಂಡನಿಗೆ ಲೆಕ್ಕವೇ ಬೇಕಿರಲಿಲ್ಲ. ಆ ಪಾಠ ಕಟ್ಟಿದವನೇ ಅವನು. ಗೇಟಿನಲ್ಲಿ ಬ್ರೇಕು ಹಿಡಿಯಿತು, ತಿರುವಿನಲ್ಲಿ ಹಿಡಿಯಿತು, ಆಮೇಲೆ ಕಲ್ಲು. ಗೋಡೆ ಬರುವುದರೊಳಗೆ ಅವನಿಗೆ ಗೊತ್ತಾಗಿತ್ತು, ಇದು ಮರೆವಲ್ಲ ಎಂದು. ಗೊತ್ತಾಗಿಯೂ ಅವನ ಬಾಯಿಗೆ ಬಂದದ್ದು ಒಂದೇ ಹೆಸರು. ಅದನ್ನು ಉಳಿಸು ಎಂದಿದ್ದ.

ಅಪಘಾತದ ಹಿಂದಿನ ರಾತ್ರಿ ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಗಂಡ ಒಬ್ಬನೇ ತಟ್ಟೆಯ ಮುಂದೆ ಕೂತಿದ್ದ. ಏನಾಯಿತೆಂದು ಟೀಚರ್ ಕೇಳಿದ್ದಕ್ಕೆ, "ಅಪ್ಪ ಮಗಳ ವಿಷಯ, ನೀನು ಮಲಗು," ಎಂದಿದ್ದ.

"ಟೀ ಆರಿಹೋಗುತ್ತೆ ಅಮ್ಮ."

ಮಗಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮೂರು ಲೋಟದ ತಟ್ಟೆ. ಅಮ್ಮನ ಕೈಯನ್ನು ನೋಡಿದಳು, ಬದಿಗೆ ಬಿದ್ದಿದ್ದ ಸ್ಟ್ಯಾಂಡುಗಳನ್ನು ನೋಡಿದಳು, ಹೊರಗೆ ಚಾಚಿದ್ದ ಪಾದಗಳನ್ನು ನೋಡಿದಳು. ತಟ್ಟೆಯನ್ನು ಕೆಳಗಿಟ್ಟಳು. ಒಂದು ಹನಿಯೂ ತುಳುಕಲಿಲ್ಲ.

"ಪುಟ್ಟಿ!" ಮೈದುನ ಕೂಗಿದ. "ಅಮ್ಮನಿಗೆ ಹೇಳು ಮಗಾ, ನೀನು ಮರೆತಿದ್ದೆ ಅಂತ ಹೇಳು, ಯಾರೂ ನಿನ್ನ ಬೈಯಲ್ಲ!"

"ನಾನು ಮರೆತಿರಲಿಲ್ಲ ಚಿಕ್ಕಪ್ಪ."

"ಎಷ್ಟು ಹೊತ್ತಿಂದ ನಿಂತಿದೀಯ?" ಎಂದು ಟೀಚರ್ ಕೇಳಿದಳು.

"ಬೇಕಾದಷ್ಟು ಹೊತ್ತಿಂದ." ಮಗಳು ಹತ್ತಿರ ಬಂದಳು. "ಅಪ್ಪ ಹೇಳಿದರು, ತೆಗೆದೆ. ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟೆ. ಬಾನೆಟ್ ಮುಚ್ಚಿದ್ದು ನಾನಲ್ಲ. ನಾನು ಬಸ್ಸಿಗೆ ಓಡಿದೆ."

"ಇಲ್ಲ! ಅತ್ತಿಗೆ, ನನ್ನ ಕೈಗೆ ಯಾರೂ ಕೊಟ್ಟಿಲ್ಲ! ಪುಟ್ಟಿ, ಯಾಕೆ ಹೀಗೆ... ನಿನಗೋಸ್ಕರ ನಾನು..."

"ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲಮ್ಮ. ನೀನು ಇಕ್ಕಳ ಹಾಕಿ ತೋರಿಸಿದಾಗ ಗೊತ್ತಾಯ್ತು. ಒಳಗೆ ಹೋಗಿ ಅತ್ತುಬಿಟ್ಟು ಬಂದೆ."

ಅವಳ ಕಣ್ಣು ಕೆಂಪಾಗಿರಲಿಲ್ಲ.

ಅಥವಾ ಶೆಡ್ಡಿನ ಬೆಳಕಿಗೆ ಹಾಗೆ ಕಂಡಿತೇನೋ. ಟೀಚರ್ ಮಗಳ ಮುಖದಲ್ಲಿ ಹುಡುಕಿದಳು. ಅದೇ ಹಣೆ, ಅದೇ ಗಲ್ಲ, ಗುರುಗಳ ಅಚ್ಚು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಒಬ್ಬರು ಕಾರಿನಡಿಯಲ್ಲಿದ್ದರು. ಇನ್ನೊಬ್ಬಳನ್ನು ಅವಳು ಹೆತ್ತಿದ್ದಳು.

"ನನಗೆ ಸ್ವಲ್ಪ ಯೋಚನೆ ಮಾಡೋಕೆ ಬಿಡು," ಎಂದಳು.

"ಯೋಚನೆ ಮಾಡೋದೇನಿದೆ? ಅಪ್ಪ ಉಸಿರಾಡ್ತಿದ್ದರು, ಇವರು ಬಾಗಿಲು ತೆಗೀಲಿಲ್ಲ. ನೀನೇ ಕೇಳಿದೆಯಲ್ಲ."

ಮಗಳು ಪಕ್ಕದಲ್ಲಿ ಮೊಣಕಾಲೂರಿ ಕೂತು, ಜಾಕಿನ ಹಿಡಿಯ ಮೇಲಿದ್ದ ಅಮ್ಮನ ಕೈಯ ಮೇಲೆ ತನ್ನ ಕೈಯಿಟ್ಟಳು. ಬೆಚ್ಚಗಿನ, ಒಣ ಕೈ. ಅದು ನಡುಗುತ್ತಿರಲಿಲ್ಲ.

"ಅತ್ತಿಗೆ," ಎಂದ ಕಾರಿನಡಿಯ ದನಿ. "ಅತ್ತಿಗೆ, ಅವಳ ಕೈ ತೆಗೆಸಿ."

ಟೀಚರ್ ಹಿಡಿಯನ್ನು ಬಲಕ್ಕೆ ಬಿಗಿಹಿಡಿದಳು. ಇದ್ದ ಶಕ್ತಿಯನ್ನೆಲ್ಲ ಬಲಕ್ಕೆ ಹಾಕಿದಳು.

ಹಿಡಿ ಎಡಕ್ಕೆ ತಿರುಗುತ್ತಿತ್ತು.